ಶುಶ್ರೂಷಕರ ಉದ್ಯೋಗ ತೃಪ್ತಿಯ ಮೇಲೆ ನಾಯಕತ್ವ ಶೈಲಿಯ ಪ್ರಭಾವ

ಶುಶ್ರೂಷಕರ ಉದ್ಯೋಗ ತೃಪ್ತಿಯ ಮೇಲೆ ನಾಯಕತ್ವ ಶೈಲಿಯ ಪ್ರಭಾವ ಎಂಬುದು ಶುಶ್ರೂಷಾ ಆಡಳಿತ ಮತ್ತು ಆರೋಗ್ಯ ಸೇವಾ ನಿರ್ವಹಣೆಯ ಒಂದು ಅಧ್ಯಯನ ವಿಷಯ. ವಾರ್ಡಿನ ಮೇಲ್ವಿಚಾರಕರಿಂದ ಹಿಡಿದು ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕರವರೆಗಿನ ಹಿರಿಯರು ತಮ್ಮ ಕೈಕೆಳಗಿನ ಸಿಬ್ಬಂದಿಯನ್ನು ನಡೆಸಿಕೊಳ್ಳುವ ರೀತಿಗೂ, ಆ ಸಿಬ್ಬಂದಿಗೆ ಕೆಲಸದಲ್ಲಿ ದೊರೆಯುವ ಸಮಾಧಾನಕ್ಕೂ, ಅವರು ಅದೇ ಆಸ್ಪತ್ರೆಯಲ್ಲಿ ಅಥವಾ ಅದೇ ವೃತ್ತಿಯಲ್ಲಿ ಮುಂದುವರಿಯುವ ನಿರ್ಧಾರಕ್ಕೂ ಇರುವ ಸಂಬಂಧವನ್ನು ಇದು ಪರಿಶೀಲಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ಶುಶ್ರೂಷಕರಿದ್ದು, ಸುಮಾರು 58 ಲಕ್ಷ ಶುಶ್ರೂಷಕರ ಕೊರತೆ ಇತ್ತು. ಹೊಸಬರಿಗೆ ತರಬೇತಿ ನೀಡುವುದರಿಂದ ಮಾತ್ರ ಈ ಕೊರತೆ ನೀಗುವುದಿಲ್ಲ. ಇರುವವರನ್ನು ಉಳಿಸಿಕೊಳ್ಳುವುದೂ ಅಷ್ಟೇ ಅಗತ್ಯ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಒಂದಾದ ಕರ್ನಾಟಕದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಈ ಪ್ರಶ್ನೆಗೆ ವಿಶೇಷ ಪ್ರಸ್ತುತತೆ ಇದೆ. ಇಲ್ಲಿ ತರಬೇತಿ ಪಡೆದವರಲ್ಲಿ ಅನೇಕರು ಕೊಲ್ಲಿ ರಾಷ್ಟ್ರಗಳಿಗೂ ಯೂರೋಪಿಗೂ ದೊಡ್ಡ ನಗರಗಳಿಗೂ ತೆರಳುತ್ತಾರೆ.

ಪರಿಭಾಷೆ

ಉದ್ಯೋಗ ತೃಪ್ತಿ ಎಂದರೆ ವ್ಯಕ್ತಿಗೆ ತನ್ನ ಕೆಲಸದ ಬಗ್ಗೆ ಇರುವ ಒಟ್ಟು ಸಮಾಧಾನ. ವೇತನ, ಕೆಲಸದ ಹೊರೆ, ಸಹೋದ್ಯೋಗಿಗಳು, ಮೇಲಧಿಕಾರಿಗಳು, ಬಡ್ತಿಯ ಅವಕಾಶ, ಕೆಲಸಕ್ಕೆ ದೊರೆಯುವ ಮನ್ನಣೆ ಇವೆಲ್ಲ ಅದರ ಅಂಶಗಳು.

ಸೇವೆಯಲ್ಲಿ ಉಳಿಯುವಿಕೆ ಎಂಬುದನ್ನು ಮೂರು ನೆಲೆಗಳಲ್ಲಿ ಪರಿಗಣಿಸಲಾಗುತ್ತದೆ: ಒಂದೇ ವಾರ್ಡಿನಲ್ಲಿ ಉಳಿಯುವುದು, ಒಂದೇ ಆಸ್ಪತ್ರೆಯಲ್ಲಿ ಉಳಿಯುವುದು ಮತ್ತು ಶುಶ್ರೂಷಾ ವೃತ್ತಿಯಲ್ಲಿಯೇ ಉಳಿಯುವುದು. ವಾರ್ಡು ಬದಲಾಯಿಸಿದವರು ಆಸ್ಪತ್ರೆಗೆ ನಷ್ಟವಾಗುವುದಿಲ್ಲ. ಆಸ್ಪತ್ರೆ ಬದಲಾಯಿಸಿದವರು ಸಮಾಜಕ್ಕೆ ನಷ್ಟವಾಗುವುದಿಲ್ಲ. ವೃತ್ತಿಯನ್ನೇ ತ್ಯಜಿಸಿದವರು ಎರಡಕ್ಕೂ ನಷ್ಟ.

ನಾಯಕತ್ವ ಶೈಲಿ ಎಂದರೆ ಅಧಿಕಾರ ಸ್ಥಾನದಲ್ಲಿರುವವರು ನಿರ್ಧಾರಗಳನ್ನು ತೆಗೆದುಕೊಳ್ಳುವ, ಕೆಲಸ ಹಂಚುವ, ತಪ್ಪುಗಳನ್ನು ನಿಭಾಯಿಸುವ ಮತ್ತು ಸಿಬ್ಬಂದಿಯೊಡನೆ ವ್ಯವಹರಿಸುವ ಸ್ಥಿರವಾದ ರೀತಿ. ಒಬ್ಬರೇ ವ್ಯಕ್ತಿ ಬೇರೆ ಬೇರೆ ಸಂದರ್ಭಗಳಲ್ಲಿ ಬೇರೆ ಶೈಲಿಗಳನ್ನು ಅನುಸರಿಸುವುದುಂಟು.

ಶುಶ್ರೂಷಾ ವಿಭಾಗದ ಶ್ರೇಣಿ

ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿಂದೆ ಸ್ಟಾಫ್ ನರ್ಸ್ ಎಂದು ಕರೆಯಲಾಗುತ್ತಿದ್ದ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಎಂಬ ಪದನಾಮವಿದೆ. ಅವರ ಮೇಲೆ ಹಿರಿಯ ಶುಶ್ರೂಷಾಧಿಕಾರಿಗಳು, ಅವರ ಮೇಲೆ ಶುಶ್ರೂಷಾ ಅಧೀಕ್ಷಕರು ಇರುತ್ತಾರೆ. ಖಾಸಗಿ ಆಸ್ಪತ್ರೆಗಳಲ್ಲಿ ವಾರ್ಡಿನ ಹೊಣೆ ಹೊತ್ತವರನ್ನು ಇನ್‌ಚಾರ್ಜ್ ಸಿಸ್ಟರ್ ಎಂದೂ, ಇಡೀ ವಿಭಾಗದ ಮುಖ್ಯಸ್ಥರನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಎಂದೂ ಕರೆಯುವುದು ರೂಢಿ. ಹಳೆಯ ತಲೆಮಾರಿನವರು ಮುಖ್ಯಸ್ಥರನ್ನು ಮೇಟ್ರನ್ ಎಂದೇ ಗುರುತಿಸುತ್ತಾರೆ.

ನಾಯಕತ್ವದ ಕುರಿತ ಚರ್ಚೆಯಲ್ಲಿ ಹೆಚ್ಚಿನ ಗಮನ ಆಸ್ಪತ್ರೆಯ ಆಡಳಿತ ಮಂಡಳಿಗೆ ಸಲ್ಲುತ್ತದೆಯಾದರೂ, ಶುಶ್ರೂಷಕರ ದೈನಂದಿನ ಅನುಭವವನ್ನು ರೂಪಿಸುವವರು ವಾರ್ಡಿನ ಇನ್‌ಚಾರ್ಜ್ ಹುದ್ದೆಯಲ್ಲಿರುವವರು. ಪಾಳಿ ಪಟ್ಟಿ ಸಿದ್ಧಪಡಿಸುವುದು, ರಜೆಗೆ ಶಿಫಾರಸು ಮಾಡುವುದು, ರೋಗಿಗಳನ್ನು ಹಂಚುವುದು, ವೈದ್ಯರ ಮತ್ತು ರೋಗಿಗಳ ಸಂಬಂಧಿಕರ ದೂರುಗಳನ್ನು ಮೊದಲು ಕೇಳುವುದು ಅವರೇ. ಬಹುತೇಕ ಸಂದರ್ಭಗಳಲ್ಲಿ ಅವರು ಸೇವಾ ಹಿರಿತನದ ಆಧಾರದ ಮೇಲೆ ಆ ಸ್ಥಾನಕ್ಕೆ ಬಂದವರು. ರೋಗಿಯ ಆರೈಕೆಯಲ್ಲಿ ಪಳಗಿದ್ದರೂ ಜನರನ್ನು ನಡೆಸುವ ವಿಷಯದಲ್ಲಿ ಪ್ರತ್ಯೇಕ ತರಬೇತಿ ಪಡೆದಿರುವುದು ಕಡಿಮೆ.

ಅಧ್ಯಯನದ ಇತಿಹಾಸ

ನಾಯಕತ್ವ ಶೈಲಿಗಳ ವೈಜ್ಞಾನಿಕ ಅಧ್ಯಯನ ಆಸ್ಪತ್ರೆಗಳಲ್ಲಿ ಆರಂಭವಾದದ್ದಲ್ಲ. ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಬಾಲಕರ ಗುಂಪುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ನಿರಂಕುಶ, ಪ್ರಜಾಸತ್ತಾತ್ಮಕ ಮತ್ತು ನಿರ್ಲಿಪ್ತ ಎಂಬ ಮೂರು ಶೈಲಿಗಳನ್ನು ಗುರುತಿಸಿದರು. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಹಲೇಖಕರು 1959ರಲ್ಲಿ ಉದ್ಯೋಗದ ತೃಪ್ತಿ ಮತ್ತು ಅತೃಪ್ತಿಗಳು ಒಂದೇ ಅಳತೆಗೋಲಿನ ಎರಡು ತುದಿಗಳಲ್ಲ ಎಂದು ವಾದಿಸಿದರು. ಅವರ ಪ್ರಕಾರ ಸಾಧನೆ, ಮನ್ನಣೆ, ಜವಾಬ್ದಾರಿಗಳು ತೃಪ್ತಿಯನ್ನು ನೀಡುತ್ತವೆ. ವೇತನ, ಕೆಲಸದ ಪರಿಸ್ಥಿತಿ ಮತ್ತು ಮೇಲ್ವಿಚಾರಣೆಯ ಗುಣಮಟ್ಟ ಕಳಪೆಯಾದಾಗ ಅತೃಪ್ತಿ ಹುಟ್ಟುತ್ತದೆ.

ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ವಿನಿಮಯಾತ್ಮಕ ಮತ್ತು ಪರಿವರ್ತನಾತ್ಮಕ ನಾಯಕತ್ವಗಳ ನಡುವಿನ ವ್ಯತ್ಯಾಸವನ್ನು ವಿವರಿಸಿದರು. ಬರ್ನಾರ್ಡ್ ಬಾಸ್ 1985ರಲ್ಲಿ ಈ ವಿಚಾರವನ್ನು ಸಂಸ್ಥೆಗಳಿಗೆ ಅನ್ವಯಿಸಿ ವಿಸ್ತರಿಸಿದರು. ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಮಂಡಿಸಿದ ಸೇವಕ ನಾಯಕತ್ವದ ಕಲ್ಪನೆಯೂ ಮುಂದೆ ಶುಶ್ರೂಷಾ ಕ್ಷೇತ್ರದಲ್ಲಿ ಮನ್ನಣೆ ಪಡೆಯಿತು.

ಶುಶ್ರೂಷಾ ಕ್ಷೇತ್ರದ ಮಟ್ಟಿಗೆ ಮಹತ್ತ್ವದ ತಿರುವು 1983ರಲ್ಲಿ ಬಂದಿತು. ಅಮೆರಿಕದಲ್ಲಿ ಶುಶ್ರೂಷಕರ ತೀವ್ರ ಅಭಾವವಿದ್ದ ಆ ಕಾಲದಲ್ಲಿಯೂ ಕೆಲವು ಆಸ್ಪತ್ರೆಗಳು ತಮ್ಮ ಸಿಬ್ಬಂದಿಯನ್ನು ಉಳಿಸಿಕೊಂಡಿದ್ದವು. ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ 163 ಆಸ್ಪತ್ರೆಗಳನ್ನು ಪರಿಶೀಲಿಸಿ, ಅವುಗಳಲ್ಲಿ 41ನ್ನು ಅಯಸ್ಕಾಂತದಂತೆ ಶುಶ್ರೂಷಕರನ್ನು ಸೆಳೆಯುವ ಆಸ್ಪತ್ರೆಗಳೆಂದು ಗುರುತಿಸಿತು. ಸಿಬ್ಬಂದಿಯ ಮಾತಿಗೆ ಬೆಲೆ ಕೊಡುವ ಸುಲಭಲಭ್ಯ ಶುಶ್ರೂಷಾ ನಾಯಕರು, ನಿರ್ಧಾರಗಳಲ್ಲಿ ಪಾಲ್ಗೊಳ್ಳುವ ಅವಕಾಶ, ಹೊಂದಿಕೊಳ್ಳುವ ಪಾಳಿ ವ್ಯವಸ್ಥೆ ಇವು ಅವುಗಳ ಸಮಾನ ಲಕ್ಷಣಗಳಾಗಿದ್ದವು. ಮುಂದೆ ಇದೇ ಆಧಾರದ ಮೇಲೆ ಮ್ಯಾಗ್ನೆಟ್ ಮಾನ್ಯತೆ ಎಂಬ ವ್ಯವಸ್ಥೆ ರೂಪುಗೊಂಡು, 1994ರಲ್ಲಿ ಮೊದಲ ಆಸ್ಪತ್ರೆಗೆ ಆ ಮಾನ್ಯತೆ ದೊರೆಯಿತು.

ಗ್ರೆಟಾ ಕಮಿಂಗ್ಸ್ ಮತ್ತು ಸಹಸಂಶೋಧಕರು 2010ರಲ್ಲಿ 53 ಅಧ್ಯಯನಗಳನ್ನೂ, 2018ರಲ್ಲಿ 129 ಅಧ್ಯಯನಗಳನ್ನೂ ಒಟ್ಟುಗೂಡಿಸಿ ವಿಮರ್ಶಿಸಿದರು. ಎರಡನೆಯ ವಿಮರ್ಶೆಯಲ್ಲಿ, ಸಂಬಂಧಗಳಿಗೆ ಆದ್ಯತೆ ನೀಡುವ ಶೈಲಿಗಳಿರುವಲ್ಲಿ ಉದ್ಯೋಗ ತೃಪ್ತಿ ಹೆಚ್ಚಿದೆ ಎಂದು 52 ಅಧ್ಯಯನಗಳು ತೋರಿಸಿದ್ದವು. ಕೆಲಸ ಮುಗಿಸುವುದನ್ನಷ್ಟೇ ಮುಖ್ಯವಾಗಿಸಿಕೊಂಡ ಶೈಲಿಗಳಿರುವಲ್ಲಿ ತೃಪ್ತಿ ಕಡಿಮೆ ಎಂದು 16 ಅಧ್ಯಯನಗಳು ತೋರಿಸಿದ್ದವು.

ನಾಯಕತ್ವ ಶೈಲಿಗಳು

ಶುಶ್ರೂಷಾ ಸಾಹಿತ್ಯದಲ್ಲಿ ಸಾಮಾನ್ಯವಾಗಿ ಚರ್ಚಿಸಲಾಗುವ ಶೈಲಿಗಳು ಇವು:

• ಪರಿವರ್ತನಾತ್ಮಕ ಶೈಲಿ: ನಾಯಕರು ಸ್ಪಷ್ಟವಾದ ಗುರಿಯನ್ನು ಮುಂದಿಡುತ್ತಾರೆ, ತಾವೇ ಮಾದರಿಯಾಗಿ ನಡೆಯುತ್ತಾರೆ, ಪ್ರತಿಯೊಬ್ಬರ ಬೆಳವಣಿಗೆಗೂ ಗಮನ ಕೊಡುತ್ತಾರೆ. ಉದ್ಯೋಗ ತೃಪ್ತಿಯೊಂದಿಗೆ ಇದರ ಸಂಬಂಧ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ.

• ವಿನಿಮಯಾತ್ಮಕ ಶೈಲಿ: ಒಳ್ಳೆಯ ಕೆಲಸಕ್ಕೆ ಪ್ರತಿಫಲ, ತಪ್ಪಿಗೆ ದಂಡ ಎಂಬ ಒಪ್ಪಂದದ ಮೇಲೆ ನಿಂತಿರುವ ಶೈಲಿ. ಪ್ರತಿಫಲದ ಭಾಗ ನ್ಯಾಯವಾಗಿ ನಡೆದಾಗ ತೃಪ್ತಿಗೆ ಪೂರಕವಾಗುತ್ತದೆ. ತಪ್ಪು ಹುಡುಕುವ ಭಾಗವೇ ಮೇಲುಗೈ ಪಡೆದಾಗ ಮಾರಕವಾಗುತ್ತದೆ.

• ನಿರಂಕುಶ ಶೈಲಿ: ನಿರ್ಧಾರಗಳು ಮೇಲಿನಿಂದ ಬರುತ್ತವೆ, ಪ್ರಶ್ನೆಗೆ ಅವಕಾಶವಿಲ್ಲ. ಹೃದಯ ಸ್ತಂಭನ, ಅಪಘಾತದಂತಹ ತುರ್ತು ಸಂದರ್ಭಗಳಲ್ಲಿ ಒಬ್ಬರ ಆಜ್ಞೆಯಂತೆ ಎಲ್ಲರೂ ನಡೆಯುವುದು ಅಗತ್ಯ. ತುರ್ತು ಕಳೆದ ಮೇಲೂ ಅದೇ ಧಾಟಿ ಮುಂದುವರಿದಾಗ ಸಿಬ್ಬಂದಿ ಬೇಸತ್ತುಹೋಗುತ್ತಾರೆ.

• ಪ್ರಜಾಸತ್ತಾತ್ಮಕ ಶೈಲಿ: ಸಿಬ್ಬಂದಿಯ ಅಭಿಪ್ರಾಯ ಕೇಳಿ ನಿರ್ಧರಿಸುವ ಶೈಲಿ. ಸಮಯ ಹೆಚ್ಚು ಹಿಡಿಯುತ್ತದೆ. ಆದರೆ ತೆಗೆದುಕೊಂಡ ನಿರ್ಧಾರಕ್ಕೆ ಒಪ್ಪಿಗೆ ಇರುತ್ತದೆ.

• ಸೇವಕ ನಾಯಕತ್ವ: ಸಿಬ್ಬಂದಿಯ ಅಗತ್ಯಗಳನ್ನು ಪೂರೈಸುವುದೇ ನಾಯಕರ ಮೊದಲ ಕರ್ತವ್ಯ ಎಂಬ ನಿಲುವು.

• ನಿರ್ಲಿಪ್ತ ಶೈಲಿ: ನಾಯಕರು ಹೆಸರಿಗೆ ಇರುತ್ತಾರೆ, ನಿರ್ಧಾರಗಳಿಂದ ನುಣುಚಿಕೊಳ್ಳುತ್ತಾರೆ. ಗದರಿಸುವವರಿಲ್ಲ ಎಂಬ ಕಾರಣಕ್ಕೆ ಇದು ಮೇಲ್ನೋಟಕ್ಕೆ ಸೌಮ್ಯವೆನಿಸಬಹುದು. ವಾಸ್ತವದಲ್ಲಿ ಜಗಳಗಳು ಇತ್ಯರ್ಥವಾಗದೆ ಉಳಿದು, ಬಲಶಾಲಿಗಳು ಹೊರೆಯನ್ನು ದುರ್ಬಲರ ಮೇಲೆ ಹೇರುವ ಸ್ಥಿತಿ ಉಂಟಾಗುತ್ತದೆ.

ಪ್ರಭಾವ ಬೀರುವ ಬಗೆ

ಶೈಲಿಯ ಹೆಸರು ಏನೇ ಇರಲಿ, ಅದು ಶುಶ್ರೂಷಕರನ್ನು ತಲುಪುವುದು ಕೆಲವು ನಿತ್ಯದ ವ್ಯವಹಾರಗಳ ಮೂಲಕ.

ಪಾಳಿ ಪಟ್ಟಿ: ವಾರ್ಡಿನಲ್ಲಿ ನ್ಯಾಯ ಅನ್ಯಾಯಗಳು ಮೊದಲು ಕಾಣಿಸಿಕೊಳ್ಳುವುದು ಪಾಳಿ ಪಟ್ಟಿಯಲ್ಲಿ. ರಾತ್ರಿ ಪಾಳಿ ಯಾರಿಗೆ ಎಷ್ಟು, ಭಾನುವಾರದ ರಜೆ ಯಾರಿಗೆ, ಹಬ್ಬದ ದಿನ ಯಾರು ಕೆಲಸದಲ್ಲಿರಬೇಕು ಎಂಬುದು ಅದರಲ್ಲಿ ತೀರ್ಮಾನವಾಗುತ್ತದೆ. ದಕ್ಷಿಣ ಕನ್ನಡದಂತಹ ಜಿಲ್ಲೆಯಲ್ಲಿ ಒಂದೇ ವಾರ್ಡಿನ ಸಿಬ್ಬಂದಿಗೆ ದೀಪಾವಳಿ, ಕ್ರಿಸ್‌ಮಸ್, ರಂಜಾನ್, ಓಣಂ, ಪುತ್ತೂರು ಮಹಾಲಿಂಗೇಶ್ವರ ದೇವಾಲಯದ ಏಪ್ರಿಲ್ ಜಾತ್ರೆ, ಸುಬ್ರಹ್ಮಣ್ಯದ ಚಂಪಾಷಷ್ಠಿ, ಮನೆತನದ ಕೋಲ ಹೀಗೆ ಬೇರೆ ಬೇರೆ ದಿನಗಳು ಮುಖ್ಯವಾಗಿರುತ್ತವೆ. ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿ, ಪರಸ್ಪರ ಬದಲಾವಣೆಗೆ ಅವಕಾಶ ಕೊಟ್ಟರೆ ಈ ವೈವಿಧ್ಯವೇ ಅನುಕೂಲವಾಗುತ್ತದೆ. ಒಬ್ಬರ ಹಬ್ಬದಂದು ಇನ್ನೊಬ್ಬರು ಕೆಲಸಕ್ಕೆ ನಿಲ್ಲುತ್ತಾರೆ. ಹಿಂದಿನ ಸಂಜೆ ತಿಳಿಸುವ ಪಟ್ಟಿಯಲ್ಲಿ ಇದು ಸಾಧ್ಯವಾಗದು.

ತಪ್ಪುಗಳ ನಿರ್ವಹಣೆ: ಔಷಧದ ಪ್ರಮಾಣದಲ್ಲಿ ವ್ಯತ್ಯಾಸ, ರೋಗಿ ಹಾಸಿಗೆಯಿಂದ ಬಿದ್ದದ್ದು ಮುಂತಾದ ಘಟನೆಗಳನ್ನು ಕೂಡಲೇ ವರದಿ ಮಾಡಿದರೆ ರೋಗಿಯನ್ನು ರಕ್ಷಿಸಬಹುದು. ವರದಿ ಮಾಡಿದವರನ್ನೇ ಎಲ್ಲರೆದುರು ಅವಮಾನಿಸುವ ವಾರ್ಡಿನಲ್ಲಿ ತಪ್ಪುಗಳು ಕಡಿಮೆಯಾಗುವುದಿಲ್ಲ, ಮರೆಯಾಗುತ್ತವೆ. ಆದ್ದರಿಂದ ಈ ವಿಷಯ ಸಿಬ್ಬಂದಿಯ ಸಮಾಧಾನಕ್ಕಷ್ಟೇ ಸೀಮಿತವಲ್ಲ. ರೋಗಿಯ ಸುರಕ್ಷತೆಯೂ ಅದರೊಂದಿಗೆ ಹೆಣೆದುಕೊಂಡಿದೆ.

ಹೊಸಬರ ಮೊದಲ ವರ್ಷ: ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬಂದವರು ಕಲಿತದ್ದಕ್ಕೂ ವಾರ್ಡಿನ ವಾಸ್ತವಕ್ಕೂ ಇರುವ ಅಂತರವನ್ನು ಮೊದಲ ತಿಂಗಳುಗಳಲ್ಲಿಯೇ ಎದುರಿಸುತ್ತಾರೆ. ಅನುಭವಿಯೊಬ್ಬರನ್ನು ಜೊತೆಗೆ ಕೊಟ್ಟು, ತೀವ್ರ ನಿಗಾ ಘಟಕದ ರಾತ್ರಿ ಪಾಳಿಗೆ ಹಂತಹಂತವಾಗಿ ಸಿದ್ಧಗೊಳಿಸುವುದು ಅವರನ್ನು ಉಳಿಸಿಕೊಳ್ಳುವ ಪರಿಣಾಮಕಾರಿ ಕ್ರಮಗಳಲ್ಲಿ ಒಂದು.

ಬೆಂಬಲ ಮತ್ತು ರಕ್ಷಣೆ: ರೋಗಿಗಳ ಸಂಬಂಧಿಕರ ಸಿಟ್ಟಿಗೂ ಕೆಲವೊಮ್ಮೆ ವೈದ್ಯರ ಒರಟು ಮಾತಿಗೂ ಮೊದಲು ಗುರಿಯಾಗುವವರು ಶುಶ್ರೂಷಕರು. ಅಂತಹ ಸಂದರ್ಭದಲ್ಲಿ ಮೇಲಧಿಕಾರಿ ಸಿಬ್ಬಂದಿಯ ಪಕ್ಕದಲ್ಲಿ ನಿಂತು ವಿಚಾರಿಸುತ್ತಾರೋ, ಕೇಳದೆಯೇ ಕ್ಷಮೆ ಯಾಚಿಸುವಂತೆ ಮಾಡುತ್ತಾರೋ ಎಂಬುದು ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ. ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ; ಶುಶ್ರೂಷಕರೂ ಅದರ ವ್ಯಾಪ್ತಿಗೆ ಬರುತ್ತಾರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕೇಂದ್ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಲ್ಲಿ ಆಂತರಿಕ ಸಮಿತಿ ಇರಬೇಕು. ದೂರು ಕೊಡಲು ಮುಂದಾದವರಿಗೆ ವಾರ್ಡಿನ ಹಿರಿಯರು ಧೈರ್ಯ ತುಂಬಿದಾಗಲೇ ಇಂತಹ ಕಾಯ್ದೆಗಳು ಕಾಗದದಿಂದ ಕಾರ್ಯಕ್ಕೆ ಇಳಿಯುತ್ತವೆ.

ಕೌಟುಂಬಿಕ ಹೊಣೆ: ಶುಶ್ರೂಷಕರಲ್ಲಿ ಬಹುಪಾಲು ಮಹಿಳೆಯರು. ವಿವಾಹ, ಹೆರಿಗೆ ಮತ್ತು ಶಿಶುಪಾಲನೆಯ ವರ್ಷಗಳಲ್ಲಿ ಕೆಲಸ ಬಿಡುವವರು ಅನೇಕ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿದೆ ಮತ್ತು 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಕಡ್ಡಾಯವಾಗಿದೆ. ರಜೆಯಿಂದ ಮರಳಿದವರಿಗೆ ಮೊದಲ ವಾರದಲ್ಲೇ ರಾತ್ರಿ ಪಾಳಿ ಕೊಡಬೇಕೇ ಬೇಡವೇ ಎಂಬುದನ್ನು ಮಾತ್ರ ಕಾನೂನು ಹೇಳುವುದಿಲ್ಲ. ಅದು ಇನ್‌ಚಾರ್ಜ್‌ನ ವಿವೇಚನೆಗೆ ಬಿಟ್ಟದ್ದು.

ಸಿಬ್ಬಂದಿ ಕೊರತೆಯೊಂದಿಗಿನ ಸಂಬಂಧ

ನಾಯಕತ್ವ ಸಿಬ್ಬಂದಿಯ ಉಳಿಯುವಿಕೆಯನ್ನು ಪ್ರಭಾವಿಸುವಂತೆ, ಸಿಬ್ಬಂದಿಯ ಕೊರತೆಯೂ ನಾಯಕತ್ವವನ್ನು ಪ್ರಭಾವಿಸುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗಳಿಗೆ ಒಬ್ಬ ಶುಶ್ರೂಷಕರು, ಅಂದರೆ ಪ್ರತಿ ಪಾಳಿಯಲ್ಲಿ ಒಂಬತ್ತು ಹಾಸಿಗೆಗಳಿಗೆ ಒಬ್ಬರು ಇರಬೇಕು. ಇದರ ಮೇಲೆ ರಜೆಗಳಿಗಾಗಿ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಬೇಕು.

36 ಹಾಸಿಗೆಗಳ ಒಂದು ವಾರ್ಡಿಗೆ ಈ ಲೆಕ್ಕದಲ್ಲಿ 12 ಶುಶ್ರೂಷಕರು, ಹೆಚ್ಚುವರಿ ಸೇರಿ 16 ಮಂದಿ ಬೇಕಾಗುತ್ತಾರೆ. ಪಾಳಿಗೆ ನಾಲ್ವರಂತೆ ದಿನಕ್ಕೆ 12, ವಾರಕ್ಕೆ 84 ಪಾಳಿಗಳನ್ನು ತುಂಬಬೇಕು. ವಾರದ ರಜೆ ಕಳೆದು ಪ್ರತಿಯೊಬ್ಬರೂ ಆರು ದಿನ ಕೆಲಸ ಮಾಡಿದರೆ 16 ಮಂದಿಯಿಂದ 96 ಪಾಳಿಗಳು ಸಿಗುತ್ತವೆ. ಉಳಿಯುವ 12 ಪಾಳಿಗಳು ಅನಾರೋಗ್ಯಕ್ಕೆ, ಹಬ್ಬಕ್ಕೆ, ರಾತ್ರಿ ಪಾಳಿಯ ನಂತರದ ವಿಶ್ರಾಂತಿಗೆ, ತರಬೇತಿಗೆ ಒದಗುತ್ತವೆ. ಇಬ್ಬರು ರಾಜೀನಾಮೆ ಕೊಟ್ಟು 14 ಮಂದಿ ಉಳಿದರೆ ಸರಿಯಾಗಿ 84 ಪಾಳಿಗಳು. ಯಾರಿಗೂ ಒಂದು ದಿನದ ಹೆಚ್ಚುವರಿ ರಜೆಯನ್ನೂ ಕೊಡುವಂತಿಲ್ಲ. ಮೂರನೆಯವರೂ ಹೋದರೆ ಸಿಗುವುದು 78 ಮಾತ್ರ. ಪ್ರತಿ ವಾರ ಆರು ಪಾಳಿಗಳನ್ನು ಯಾರಾದರೂ ಎರಡೆರಡು ಪಾಳಿ ನಿಂತು ಅಥವಾ ವಾರದ ರಜೆ ಬಿಟ್ಟು ತುಂಬಬೇಕು.

ಈ ಹಂತದಲ್ಲಿ ಎಷ್ಟೇ ಸಹೃದಯ ಇನ್‌ಚಾರ್ಜ್ ಆದರೂ ರಜೆ ನಿರಾಕರಿಸುವವರಾಗಿಯೇ ಕಾಣಿಸಿಕೊಳ್ಳುತ್ತಾರೆ. ರಜೆ ಸಿಗದವರು ದಣಿಯುತ್ತಾರೆ, ದಣಿದವರಲ್ಲಿ ಮತ್ತೊಬ್ಬರು ಬಿಟ್ಟು ಹೋಗುತ್ತಾರೆ. ಮೊದಲ ಇಬ್ಬರನ್ನು ಉಳಿಸಿಕೊಳ್ಳುವ ಮಹತ್ತ್ವ ಇದರಿಂದ ಸ್ಪಷ್ಟವಾಗುತ್ತದೆ.

ಲಿಂಡಾ ಐಕೆನ್ ಮತ್ತು ಸಹಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಬಗ್ಗೆ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊಂಡಿಯ ಇನ್ನೊಂದು ತುದಿಯನ್ನು ತೋರಿಸಿತು. ಪ್ರತಿ ಶುಶ್ರೂಷಕರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳು 30 ದಿನಗಳೊಳಗೆ ಮರಣಹೊಂದುವ ಸಾಧ್ಯತೆ ಶೇ 7ರಷ್ಟೂ, ಶುಶ್ರೂಷಕರ ತೀವ್ರ ದಣಿವಿನ ಸಾಧ್ಯತೆ ಶೇ 23ರಷ್ಟೂ, ಉದ್ಯೋಗದ ಅತೃಪ್ತಿಯ ಸಾಧ್ಯತೆ ಶೇ 15ರಷ್ಟೂ ಏರುವುದು ಕಂಡುಬಂದಿತು. ದಣಿವು ಮತ್ತು ಅತೃಪ್ತಿ ಎರಡೂ ಇದ್ದವರಲ್ಲಿ ಶೇ 43 ಮಂದಿ ಒಂದು ವರ್ಷದೊಳಗೆ ಕೆಲಸ ಬಿಡುವ ಉದ್ದೇಶ ಹೊಂದಿದ್ದರು. ಎರಡೂ ಇಲ್ಲದವರಲ್ಲಿ ಆ ಪ್ರಮಾಣ ಶೇ 11 ಮಾತ್ರ.

ಕರ್ನಾಟಕ ಮತ್ತು ದಕ್ಷಿಣ ಕನ್ನಡದಲ್ಲಿ

ಕರ್ನಾಟಕದಲ್ಲಿ ಶುಶ್ರೂಷಕರ ನೋಂದಣಿ 1961ರ ಕಾಯ್ದೆಯ ಅಡಿಯಲ್ಲಿ ರಚಿತವಾದ ರಾಜ್ಯ ನರ್ಸಿಂಗ್ ಪರಿಷತ್ತಿನ ಮೂಲಕ ನಡೆದುಬಂದಿದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ರಾಜ್ಯದ ಬಹುಪಾಲು ನರ್ಸಿಂಗ್ ಕಾಲೇಜುಗಳು ಸಂಯೋಜನೆಗೊಂಡಿವೆ.

ಮಂಗಳೂರು ಹಿಂದಿನಿಂದಲೂ ಚಿಕಿತ್ಸೆಯ ಕೇಂದ್ರ. 1848ರಲ್ಲಿ ಆರಂಭವಾದ ವೆನ್ಲಾಕ್ ಆಸ್ಪತ್ರೆ ಇಂದು ಸರ್ಕಾರಿ ಜಿಲ್ಲಾ ಆಸ್ಪತ್ರೆಯಾಗಿದೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ 1880ರಲ್ಲಿ ಆಗಸ್ಟಸ್ ಮುಲ್ಲರ್ ತೆರೆದ ಹೋಮಿಯೋಪತಿ ಔಷಧಾಲಯದಿಂದ ಬೆಳೆದದ್ದು. ಮಂಗಳೂರು ಮತ್ತು ಮಣಿಪಾಲದ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದಲೂ ದೊಡ್ಡ ಸಂಖ್ಯೆಯಲ್ಲಿ ವಿದ್ಯಾರ್ಥಿಗಳು ಬರುತ್ತಾರೆ. ಹೀಗೆ ತರಬೇತಿಯ ವಿಷಯದಲ್ಲಿ ಸಮೃದ್ಧವಾದ ಈ ಭಾಗದಲ್ಲಿ ಆಸ್ಪತ್ರೆಗಳು ಅನುಭವಿ ಶುಶ್ರೂಷಕರನ್ನು ಉಳಿಸಿಕೊಳ್ಳಲು ಹೆಣಗುವುದು ಒಂದು ವಿಪರ್ಯಾಸ. ವಿದೇಶಿ ನೇಮಕಾತಿಗೆ ಸಾಮಾನ್ಯವಾಗಿ ಒಂದೆರಡು ವರ್ಷಗಳ ಅನುಭವ ಕೇಳುವುದರಿಂದ, ಸ್ಥಳೀಯ ಆಸ್ಪತ್ರೆಯ ಸೇವೆಯನ್ನು ಅನೇಕರು ಅನುಭವ ಪತ್ರ ಪಡೆಯುವ ಮೆಟ್ಟಿಲಾಗಿ ಕಾಣುತ್ತಾರೆ.

ಜಿಲ್ಲೆಯ ಒಳಭಾಗದ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಪರಿಸ್ಥಿತಿ ಮಂಗಳೂರಿಗಿಂತ ಭಿನ್ನ. ಸುಳ್ಯದಲ್ಲಿ ತಾಲೂಕು ಆಸ್ಪತ್ರೆಯೂ, ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಶಿಕ್ಷಣ ಸಂಸ್ಥೆಗಳ ಭಾಗವಾದ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇವೆ. ಕೇರಳದ ಗಡಿಗೆ ಹೊಂದಿಕೊಂಡ ಆಲೆಟ್ಟಿಯಂತಹ ಗ್ರಾಮಗಳ ಜನರು ಚಿಕಿತ್ಸೆಗೆ ಮೊದಲು ಆಶ್ರಯಿಸುವುದು ಸುಳ್ಯವನ್ನು. ಇಲ್ಲಿನ ರೋಗಿಗಳಲ್ಲಿ ಕನ್ನಡ, ತುಳು, ಅರೆಭಾಷೆ, ಮಲಯಾಳ ಮಾತನಾಡುವವರಿದ್ದಾರೆ. ರೋಗಿಯ ಮನೆಮಾತು ಬಲ್ಲ ಅನುಭವಿ ಶುಶ್ರೂಷಕರೊಬ್ಬರು ಬಿಟ್ಟು ಹೋದರೆ ಅವರ ಸ್ಥಾನವನ್ನು ಕೇವಲ ಪದವಿ ಪ್ರಮಾಣಪತ್ರ ತುಂಬಲಾರದು. ಸಿಬ್ಬಂದಿಯೂ ಬಹುಭಾಷಿಕರಾಗಿರುವುದರಿಂದ, ಒಂದು ಭಾಷೆಯವರಿಗೆ ಪಕ್ಷಪಾತ ನಡೆಯುತ್ತಿದೆ ಎಂಬ ಭಾವನೆ ಬಾರದಂತೆ ನಡೆದುಕೊಳ್ಳುವುದು ಇಲ್ಲಿನ ಮೇಲ್ವಿಚಾರಕರ ವಿಶೇಷ ಹೊಣೆ.

ಒಳನಾಡಿನಲ್ಲಿ ಸಂಚಾರದ ಸಮಸ್ಯೆಯೂ ನಾಯಕತ್ವದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ಸಂಜೆಯ ಪಾಳಿ ಮುಗಿಯುವ ಹೊತ್ತಿಗೆ ಒಳ ಗ್ರಾಮಗಳಿಗೆ ಬಸ್ ವಿರಳ. ಮಳೆಗಾಲದಲ್ಲಿ ತೊಂದರೆ ಇನ್ನೂ ಹೆಚ್ಚು. ಪಾಳಿ ಮುಗಿಯುವ ಸಮಯವನ್ನು ಬಸ್ಸಿನ ವೇಳೆಗೆ ಹೊಂದಿಸುವುದು, ಆಸ್ಪತ್ರೆಯ ವಾಹನ ಅಥವಾ ವಸತಿ ಒದಗಿಸುವುದು, ದೂರದವರಿಗೆ ಸಂಜೆಯ ಪಾಳಿ ಕಡಿಮೆ ಮಾಡಿ ಬದಲಿಗೆ ಬೆಳಗಿನ ಪಾಳಿ ಕೊಡುವುದು ಇಂತಹ ಕ್ರಮಗಳಿಗೆ ದೊಡ್ಡ ವೆಚ್ಚ ಬೇಕಾಗದಿದ್ದರೂ ಗಮನ ಬೇಕು.

ಗ್ರಾಮಮಟ್ಟದ ಆರೋಗ್ಯ ಉಪಕೇಂದ್ರಗಳಲ್ಲಿ ಪರಿಸ್ಥಿತಿ ಬೇರೆ ಬಗೆಯದು. ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಕರೆಯಲಾಗುತ್ತಿದ್ದ, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಪದನಾಮವಿರುವ ಕಾರ್ಯಕರ್ತೆ ಲಸಿಕೆ, ಗರ್ಭಿಣಿಯರ ತಪಾಸಣೆ, ಮನೆಭೇಟಿ, ದಾಖಲೆ ಎಲ್ಲವನ್ನೂ ಹೆಚ್ಚುಕಡಿಮೆ ಒಬ್ಬಂಟಿಯಾಗಿ ನಿರ್ವಹಿಸುತ್ತಾರೆ. ಅವರ ಮೇಲ್ವಿಚಾರಕರು ಕಾಣಸಿಗುವುದು ಭೇಟಿ ಮತ್ತು ಸಭೆಗಳಲ್ಲಿ ಮಾತ್ರ. ಆ ಭೇಟಿ ಅಂಕಿಅಂಶದ ತಪಾಸಣೆಗಷ್ಟೇ ಮುಗಿದರೆ ಒಂಟಿತನ ಹೆಚ್ಚುತ್ತದೆ. ಕಷ್ಟ ವಿಚಾರಿಸಿ ಪರಿಹಾರ ಹುಡುಕುವ ಭೇಟಿಯಾದರೆ ಅದೇ ಬೆಂಬಲವಾಗುತ್ತದೆ.

ವೇತನ ಮತ್ತು ಸೇವಾಭದ್ರತೆ

ಒಳ್ಳೆಯ ನಡವಳಿಕೆ ವೇತನಕ್ಕೆ ಪರ್ಯಾಯವಲ್ಲ ಎಂಬುದನ್ನು ಭಾರತದ ಅನುಭವ ಸ್ಪಷ್ಟಪಡಿಸಿದೆ. ಕೇರಳದಲ್ಲಿ 2011–12ರಲ್ಲಿ ಖಾಸಗಿ ಆಸ್ಪತ್ರೆಗಳ ಶುಶ್ರೂಷಕರು ಕಡಿಮೆ ವೇತನ, ದೀರ್ಘ ಪಾಳಿ ಹಾಗೂ ಪ್ರಮಾಣಪತ್ರಗಳನ್ನು ಒತ್ತೆ ಇರಿಸಿಕೊಳ್ಳುವ ಬಾಂಡ್ ಪದ್ಧತಿಯ ವಿರುದ್ಧ ವ್ಯಾಪಕ ಮುಷ್ಕರ ನಡೆಸಿದರು. 2017ರಲ್ಲಿ ಮತ್ತೆ ಹೋರಾಟ ನಡೆದು, 2018ರಲ್ಲಿ ಆ ರಾಜ್ಯ ಸರ್ಕಾರ 20,000 ರೂಪಾಯಿಗಳ ಕನಿಷ್ಠ ಮೂಲವೇತನವನ್ನು ಅಧಿಸೂಚಿಸಿತು. ಗಡಿಯ ಆಚೆಗಿನ ಈ ಬದಲಾವಣೆ ಗಡಿಯ ಈಚೆ ದುಡಿಯುವವರ ನಿರೀಕ್ಷೆಗಳಿಗೂ ಒಂದು ಅಳತೆಗೋಲಾಯಿತು.

1908ರಲ್ಲಿ ಸ್ಥಾಪನೆಯಾದ ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿ 29ರಂದು ಖಾಸಗಿ ಆಸ್ಪತ್ರೆಗಳ ಶುಶ್ರೂಷಕರ ಸ್ಥಿತಿಗತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಗಳು ರಾಜ್ಯ ಸರ್ಕಾರಿ ಶುಶ್ರೂಷಕರಿಗೆ ಸಮನಾದ ವೇತನ ಕೊಡಬೇಕು. 100ಕ್ಕಿಂತ ಹೆಚ್ಚಿರುವಲ್ಲಿ ವ್ಯತ್ಯಾಸ ಶೇ 10ನ್ನೂ, 50ರಿಂದ 100 ಇರುವಲ್ಲಿ ಶೇ 25ನ್ನೂ ಮೀರಬಾರದು. ಅದಕ್ಕಿಂತ ಚಿಕ್ಕ ಆಸ್ಪತ್ರೆಗಳಲ್ಲಿ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಸಮಿತಿ ಶಿಫಾರಸು ಮಾಡಿತು. ಇವು ರಾಜ್ಯಗಳಿಗೆ ಕಳುಹಿಸಲಾದ ಮಾರ್ಗಸೂಚಿಗಳು. ಅವುಗಳ ಜಾರಿ ಆಯಾ ರಾಜ್ಯಗಳ ಕ್ರಮವನ್ನು ಅವಲಂಬಿಸಿದೆ.

ಸರ್ಕಾರಿ ವಲಯದಲ್ಲಿ ಕಾಯಂ ಮತ್ತು ಗುತ್ತಿಗೆ ಸಿಬ್ಬಂದಿ ಒಂದೇ ವಾರ್ಡಿನಲ್ಲಿ ಒಂದೇ ಕೆಲಸವನ್ನು ಬೇರೆ ಬೇರೆ ವೇತನಕ್ಕೆ ಮಾಡುವುದು ಅತೃಪ್ತಿಯ ಮುಖ್ಯ ಕಾರಣ. ಕರ್ನಾಟಕದಲ್ಲಿ ಗುತ್ತಿಗೆ ಆರೋಗ್ಯ ಸಿಬ್ಬಂದಿ 2020ರ ಸೆಪ್ಟೆಂಬರ್‌ನಲ್ಲಿಯೂ 2023ರ ಫೆಬ್ರವರಿಯಲ್ಲಿಯೂ ಸೇವಾಭದ್ರತೆ ಮತ್ತು ವೇತನದ ಬೇಡಿಕೆಗಳೊಂದಿಗೆ ಮುಷ್ಕರ ನಡೆಸಿದರು. ವಾರ್ಡಿನ ಮೇಲ್ವಿಚಾರಕರಿಗೆ ಈ ತಾರತಮ್ಯ ನಿವಾರಿಸುವ ಅಧಿಕಾರವಿಲ್ಲ. ಕೆಲಸದ ಹಂಚಿಕೆಯಲ್ಲಿ, ಗೌರವದಲ್ಲಿ ಅದನ್ನು ಇನ್ನಷ್ಟು ಹೆಚ್ಚಿಸದೆ ಇರುವುದು ಮಾತ್ರ ಅವರ ಕೈಯಲ್ಲಿದೆ.

ಅಳೆಯುವ ವಿಧಾನಗಳು

ನಾಯಕತ್ವ ಶೈಲಿಯನ್ನು ಅಳೆಯಲು ಬಾಸ್ ಮತ್ತು ಬ್ರೂಸ್ ಅವೋಲಿಯೊ ರೂಪಿಸಿದ ಬಹುಅಂಶ ನಾಯಕತ್ವ ಪ್ರಶ್ನಾವಳಿ ವ್ಯಾಪಕವಾಗಿ ಬಳಕೆಯಲ್ಲಿದೆ. ಶುಶ್ರೂಷಕರ ಕೆಲಸದ ವಾತಾವರಣವನ್ನು ಅಳೆಯಲು ಐಲೀನ್ ಲೇಕ್ 2002ರಲ್ಲಿ ಪ್ರಕಟಿಸಿದ 31 ಅಂಶಗಳ ಮಾಪಕದಲ್ಲಿ ಮೇಲ್ವಿಚಾರಕರ ಸಾಮರ್ಥ್ಯ ಮತ್ತು ಬೆಂಬಲ ಒಂದು ಪ್ರತ್ಯೇಕ ವಿಭಾಗವಾಗಿದೆ. ದಣಿವನ್ನು ಅಳೆಯಲು 1981ರಿಂದ ಮಾಸ್ಲಾಕ್ ಮಾಪಕ ಬಳಕೆಯಲ್ಲಿದೆ. ಪ್ರಶ್ನಾವಳಿಗಳ ಹೊರತಾಗಿ ವರ್ಷದಲ್ಲಿ ಬಿಟ್ಟು ಹೋದವರ ಪ್ರಮಾಣ, ವಾರ್ಡ್ ಬದಲಾವಣೆಗೆ ಬಂದ ಅರ್ಜಿಗಳು, ಅನಾರೋಗ್ಯ ರಜೆಗಳ ಸಂಖ್ಯೆ ಮತ್ತು ನಿರ್ಗಮನ ಸಂದರ್ಶನಗಳು ಆಸ್ಪತ್ರೆಯಲ್ಲೇ ಲಭ್ಯವಿರುವ ಸೂಚಕಗಳು. ಒಂದೇ ಆಸ್ಪತ್ರೆಯಲ್ಲಿ, ಒಂದೇ ವೇತನದಲ್ಲಿ, ಒಂದು ವಾರ್ಡಿನಿಂದ ಮಾತ್ರ ಪದೇ ಪದೇ ರಾಜೀನಾಮೆಗಳು ಬರುತ್ತಿದ್ದರೆ, ಕಾರಣವನ್ನು ಆ ವಾರ್ಡಿನ ಕೆಲಸದ ಸ್ವರೂಪದಲ್ಲಿ ಅಥವಾ ಮೇಲ್ವಿಚಾರಣೆಯಲ್ಲಿ ಹುಡುಕಬೇಕಾಗುತ್ತದೆ.

ಟೀಕೆ ಮತ್ತು ಮಿತಿಗಳು

ಈ ಕ್ಷೇತ್ರದ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಕಾಲಘಟ್ಟದಲ್ಲಿ ಸಿಬ್ಬಂದಿಯನ್ನು ಪ್ರಶ್ನಿಸಿ ಪಡೆದ ಉತ್ತರಗಳನ್ನು ಆಧರಿಸಿವೆ. ಇಂತಹ ಅಧ್ಯಯನಗಳಿಂದ ಎರಡು ಅಂಶಗಳ ನಡುವೆ ಸಂಬಂಧವಿದೆ ಎಂದು ಹೇಳಬಹುದು. ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಧಿಸಲಾಗದು. ತೃಪ್ತರಾಗಿರುವವರು ತಮ್ಮ ಮೇಲಧಿಕಾರಿಯನ್ನೂ ಒಳ್ಳೆಯವರೆಂದು ಪರಿಗಣಿಸುವ ಸಾಧ್ಯತೆ ಇದೆ. ಕೆಲಸ ಬಿಡುವ ಉದ್ದೇಶವನ್ನು ಅಳೆಯುವುದು ಸುಲಭ. ಆದರೆ ಉದ್ದೇಶ ವ್ಯಕ್ತಪಡಿಸಿದವರೆಲ್ಲ ಬಿಡುವುದಿಲ್ಲ, ವ್ಯಕ್ತಪಡಿಸದವರೂ ಬಿಟ್ಟು ಹೋಗುತ್ತಾರೆ.

ಅಧ್ಯಯನಗಳಲ್ಲಿ ದೊಡ್ಡ ಪಾಲು ಉತ್ತರ ಅಮೆರಿಕ ಮತ್ತು ಯೂರೋಪಿನವು. ಹಿರಿತನಕ್ಕೆ ಗೌರವ ಸಲ್ಲಿಸುವ, ಮೇಲಧಿಕಾರಿಯನ್ನು ನೇರವಾಗಿ ಪ್ರಶ್ನಿಸಲು ಹಿಂಜರಿಯುವ ಸಮಾಜದಲ್ಲಿ ಪ್ರಶ್ನಾವಳಿಗೆ ಬರುವ ಉತ್ತರಗಳೂ ಬೇರೆಯಾಗಬಹುದು. ನಾಯಕತ್ವಕ್ಕೆ ಒತ್ತು ನೀಡುವ ಭರದಲ್ಲಿ ಆಡಳಿತ ಮಂಡಳಿಗಳು ಕಡಿಮೆ ವೇತನದ ಮತ್ತು ಕಡಿಮೆ ಸಿಬ್ಬಂದಿಯ ಹೊಣೆಯನ್ನು ವಾರ್ಡಿನ ಇನ್‌ಚಾರ್ಜ್‌ಗಳ ಮೇಲೆ ಹೊರಿಸುತ್ತವೆ ಎಂಬ ಟೀಕೆಯೂ ಇದೆ. ಅಧಿಕಾರವಿಲ್ಲದೆ ಹೊಣೆಯಷ್ಟೇ ಇರುವ ಆ ಹುದ್ದೆಯಲ್ಲಿರುವವರ ಸ್ವಂತ ತೃಪ್ತಿ ಮತ್ತು ದಣಿವುಗಳಿಗೂ ಅಷ್ಟೇ ಗಮನ ಸಲ್ಲಬೇಕಾಗಿದೆ.

ಸುಧಾರಣಾ ಕ್ರಮಗಳು

ಶುಶ್ರೂಷಕರ ಸೇವಾ ಪರಿಸ್ಥಿತಿ ಸುಧಾರಿಸಬೇಕೆಂಬ ಶಿಫಾರಸುಗಳು ಭಾರತದಲ್ಲಿ ಹೊಸತಲ್ಲ. 1946ರ ಭೋರ್ ಸಮಿತಿಯ ವರದಿಯಿಂದ, 1987ರಲ್ಲಿ ಸರೋಜಿನಿ ವರದಪ್ಪನ್ ಅಧ್ಯಕ್ಷತೆಯಲ್ಲಿ ನೇಮಕವಾದ ಉನ್ನತಾಧಿಕಾರ ಸಮಿತಿಯವರೆಗೆ ಈ ವಿಷಯ ಚರ್ಚೆಗೆ ಬಂದಿದೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ತರುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ಆಸ್ಪತ್ರೆಯ ಮಟ್ಟದಲ್ಲಿ ಸಾಮಾನ್ಯವಾಗಿ ಸೂಚಿಸಲಾಗುವ ಕ್ರಮಗಳು ಇವು:

• ಇನ್‌ಚಾರ್ಜ್ ಹುದ್ದೆಗೆ ಹಿರಿತನದ ಜೊತೆಗೆ ಜನರನ್ನು ನಡೆಸುವ ಸಾಮರ್ಥ್ಯವನ್ನೂ ಪರಿಗಣಿಸುವುದು, ಹುದ್ದೆ ವಹಿಸಿಕೊಳ್ಳುವ ಮುನ್ನ ತರಬೇತಿ ನೀಡುವುದು.
• ಪಾಳಿ ಪಟ್ಟಿಯನ್ನು ಸಾಕಷ್ಟು ಮುಂಚಿತವಾಗಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು. ರಾತ್ರಿ ಪಾಳಿ ಮತ್ತು ಹಬ್ಬದ ರಜೆಗಳ ಲೆಕ್ಕ ಇಡುವುದು.
• ತಪ್ಪುಗಳನ್ನು ಖಾಸಗಿಯಾಗಿ ತಿದ್ದುವುದು, ಒಳ್ಳೆಯ ಕೆಲಸವನ್ನು ಎಲ್ಲರೆದುರು ಗುರುತಿಸುವುದು.
• ಹೊಸಬರಿಗೆ ಮೊದಲ ತಿಂಗಳುಗಳಲ್ಲಿ ಅನುಭವಿಗಳ ಮಾರ್ಗದರ್ಶನ ಒದಗಿಸುವುದು.
• ಸಿಬ್ಬಂದಿಯ ಸಭೆಯಲ್ಲಿ ಬಂದ ದೂರಿಗೆ ಏನು ಕ್ರಮ ಕೈಗೊಳ್ಳಲಾಯಿತು ಎಂಬುದನ್ನು ಮುಂದಿನ ಸಭೆಯಲ್ಲಿ ತಿಳಿಸುವುದು.
• ವಾರ್ಡಿನಲ್ಲಿ ಕನಿಷ್ಠ ಸಿಬ್ಬಂದಿ ಇಲ್ಲದಾಗ ಹೆಚ್ಚುವರಿ ಸಿಬ್ಬಂದಿ ಕೇಳುವ, ತುರ್ತಲ್ಲದ ದಾಖಲಾತಿಗಳನ್ನು ಮುಂದೂಡಲು ಕೋರುವ ಅಧಿಕಾರವನ್ನು ಇನ್‌ಚಾರ್ಜ್‌ಗೆ ಕೊಡುವುದು.

ಇವುಗಳಲ್ಲಿ ಮೊದಲ ಐದು ಕ್ರಮಗಳನ್ನು ಆಸ್ಪತ್ರೆಯೊಂದು ತನ್ನ ವೆಚ್ಚವನ್ನು ಗಣನೀಯವಾಗಿ ಹೆಚ್ಚಿಸಿಕೊಳ್ಳದೆ ಕೈಗೊಳ್ಳಬಹುದು. ಕೊನೆಯದಕ್ಕೆ ಹಣವೂ ಆಡಳಿತದ ಮನಸ್ಸೂ ಬೇಕು. ಅದಿಲ್ಲದೆ ಉಳಿದ ಐದು ಹೆಚ್ಚು ಕಾಲ ನಿಲ್ಲುವುದಿಲ್ಲ.